ದಿಯಾಗೆ ಏನೂ ಬರಲ್ಲ

ಬಿಳಿಯರಲ್ಲದ ಮಕ್ಕಳೂ ಹೊರದೇಶಕ್ಕೆ ಹೋಗಿ ಓದಲಿ, ಹೊಸ ಭಾಷೆ ಕಲಿಯಲಿ ಎಂದು ಯಾರೋ ಪುಣ್ಯಾತ್ಮರು ವಿದ್ಯಾರ್ಥಿವೇತನ ಶುರುಮಾಡಿದ್ದೇ ಪ್ರಹ್ಲಾದನ ತಲೆನೋವಿಗೆ ಮೂಲ. ಮಗಳು ದಿಯಾ ಅದಕ್ಕೆ ಅರ್ಜಿ ಹಾಕಿಬಿಟ್ಟಿದ್ದಳು. ಕೊರಿಯನ್ ಕಲಿಯಲು ಸಿಯೋಲ್‌ನಲ್ಲಿ ಆರು ತಿಂಗಳು! ಕಾಲೇಜಿನಿಂದ ಅವಳು ಬರುವುದು ಅರ್ಧ ಗಂಟೆ ತಡವಾದರೂ ಮರ್ಫಿ ಊರಿನ ತಮ್ಮ ರಸ್ತೆಯ ತುದಿಗೆ ಹೋಗಿ ನಿಲ್ಲುವ ಅಪ್ಪ ಅವನು. ಬೇಡ ಎಂದು ಮಗಳ ಮುಖ ನೋಡಿ ಹೇಳುವ ಧೈರ್ಯವಂತೂ ಇರಲಿಲ್ಲ.

ಪಕ್ಕದ ಮನೆಯ ಮಹಾಂತಪ್ಪ, ಧಾರವಾಡದವರು, ದಾರಿ ತೋರಿಸಿದರು.

"ಶನಿವಾರ ಆಸ್ಟಿನ್‌ನ್ಯಾಗ ಹುಡುಗರ ಮನೆಯವರ ಮೀಟಿಂಗ್ ಐತಂತ ಆ ಸ್ಕಾಲರ್‌ಶಿಪ್‌ನವರ ವೆಬ್‌ಸೈಟಿನ್ಯಾಗ ನೋಡೀನ್ರಿ. ಹೋಗಿ, ಹುಡುಗಿಗೆ ಏನೂ ಬರಂಗಿಲ್ಲ ಅಂತ ಹೇಳ್ರಿ. ಅವರೇ ಕ್ಯಾನ್ಸಲ್ ಮಾಡ್ತಾರ."

"ನನ್ನ ಮಗಳನ್ನ ನಾನೇ ಬೈಯೋದಾ?"

"ಬೈಯೂದಲ್ರಿ, ಖರೇ ಹೇಳೂದು. ನಡೀರಿ, ನಾನೂ ಬರ್ತೀನಿ."

ಆಫೀಸ್ ಕೆಲಸ ಎಂದು ಹೆಂಡತಿ ವಸುಧಾಗೆ ಸುಳ್ಳು ಹೇಳಿ, ಮೂರೂವರೆ ಗಂಟೆ ಡ್ರೈವ್ ಮಾಡಿ, ಇಬ್ಬರೂ ಮೀಟಿಂಗ್ ನಡೆಯುವ ಆಸ್ಟಿನ್ನಿನ ದ ಡೊಮೇನ್ ಸಂಕೀರ್ಣ ತಲುಪಿದರು. ಆಯ್ಕೆ ಸಮಿತಿಯ ಮೂವರ ಮುಂದೆ ಪ್ರಹ್ಲಾದ ಶುರುಹಚ್ಚಿಕೊಂಡ. ದಿಯಾ ಒಬ್ಬಳೇ ಬಸ್ ಹತ್ತಿದವಳಲ್ಲ. ಹೂಸ್ಟನ್ನಿನ ಸೋದರತ್ತೆ ಮನೆಗೆ ಹೋದರೂ ಅಮ್ಮ ಜೊತೆಗಿರಬೇಕು. ಅನ್ನಕ್ಕೆ ನೀರೆಷ್ಟು ಎಂದು ಗೊತ್ತಿಲ್ಲ. ಮನೆಯ ಕನ್ನಡವೇ ನೆಟ್ಟಗೆ ಬಾರದವಳಿಗೆ ಕೊರಿಯನ್ ಎಲ್ಲಿಂದ ಬಂದೀತು?

ನಡುವೆ ಕೂತಿದ್ದ ಹೆಂಗಸು ಪೆನ್ನು ಕೆಳಗಿಟ್ಟು, ಇಷ್ಟು ದಿನ ಅವಳನ್ನು ಎಲ್ಲಿಗೂ ಯಾಕೆ ಕಳಿಸಿಲ್ಲ ಎಂದು ಮೆಲ್ಲಗೆ ಕೇಳಿದಳು. ಪ್ರಹ್ಲಾದನಿಗೆ ನಿಜವಾಗಿಯೂ ಅಳು ಬಂತು. ಅವಳಿಲ್ಲದಿದ್ದರೆ ನನಗೆ ಊಟ ಸೇರುವುದಿಲ್ಲ ಎಂದು ಬಿಕ್ಕಿದ.

"ಭಾಳ ಛಲೋ! ಇನ್ನೊಂದೀಟು ಅಳ್ರಿ," ಎಂದು ಪಿಸುಗುಟ್ಟಿದ ಮಹಾಂತಪ್ಪ ತಾವೂ ಸೇರಿಸಿದರು: ನಮ್ಮ ಬೀದಿಯ ಮಕ್ಕಳೆಲ್ಲ ಹೀಗೇ, ಹೊರದೇಶವೆಂದರೆ ಬೆಂಗಳೂರಿನ ಅಜ್ಜಿ ಮನೆಯೊಂದೇ ಎಂದುಕೊಂಡಿವೆ.

ಆ ಹೆಂಗಸು ಕಣ್ಣೊರೆಸಿಕೊಂಡು ಏನೋ ಬರೆದುಕೊಂಡಳು. ಕೆಲಸ ಕೆಡಿಸಿದ ಖುಷಿಗೆ ಇಬ್ಬರೂ ವಾಪಸ್ ಬರುವಾಗ ದಾರಿಯುದ್ದಕ್ಕೂ ಹಾಡಿದ್ದೇ ಹಾಡಿದ್ದು.

ಮನೆ ಬಾಗಿಲಲ್ಲೇ ದಿಯಾ ಹಾರಿ ಬಂದು ತಬ್ಬಿಕೊಂಡಳು. "ಅಪ್ಪಾ, ಯೂ ಆರ್ ದ ಬೆಸ್ಟ್!"

"ಯಾಕೆ? ಏನಾಯ್ತು?"

"ಆಫೀಸ್ ಕೆಲಸವಂತೆ!" ಕೇಸರಿಬಾತಿನ ತಟ್ಟೆ ಹಿಡಿದ ವಸುಧಾ ನಕ್ಕಳು. "ಸೆಲೆಕ್ಟ್ ಆಗಿಲ್ಲ ಅಂತ ನಿನ್ನೇನೇ ಮೇಲ್ ಬಂದಿತ್ತು. ಇವಳಿಗೆ ಯಾವ ಕೊರತೆನೂ ಇಲ್ಲ, ಎಲ್ಲಿಗೂ ಹೋಗೋ ಅವಕಾಶ ಸಿಗದವರಿಗೆ ಸೀಟು ಕೊಡ್ತೀವಿ ಅಂತ. ಸೆಲೆಕ್ಟ್ ಆಗದವರ ಪರವಾಗಿ ಮನೆಯವರು ಇವತ್ತು ಬಂದು ಕೇಳ್ಕೋಬಹುದು ಅಂತಾನೂ ಇತ್ತು. ನೀವೆಲ್ಲಿ ಹೋಗ್ತೀರ ಅಂತ ನಿಮಗೆ ಹೇಳಲೇ ಇಲ್ಲ. ನೋಡಿದ್ರೆ ಗುಟ್ಟಾಗಿ ಹೋಗಿ ಅತ್ತು ಬಂದಿದೀರ!"

ಪ್ರಹ್ಲಾದ ಬೆಪ್ಪಾಗಿ ಮಹಾಂತಪ್ಪನವರ ಕಡೆ ತಿರುಗಿದ. ಅವರು ಆಗಲೇ ತಮ್ಮ ಮನೆಯ ಕಡೆ ಬಿರಬಿರನೆ ನಡೆದಿದ್ದರು.

"ಈಗ ಮೇಲ್ ಬಂತು," ಎಂದು ವಸುಧಾ ಮುಂದುವರಿಸಿದಳು. "ತಂದೆ ಮಾತು ಕೇಳಿ ಕರುಳು ಚುರ್ ಅಂತಂತೆ. ಇಂಥ ಹುಡುಗಿಗೆ ಆರು ತಿಂಗಳು ಎಲ್ಲಿ ಸಾಕಾಗತ್ತೆ ಅಂತ ಒಂದು ವರ್ಷ ಕೊಟ್ಟಿದಾರೆ!"

ಪ್ರಹ್ಲಾದ ಗೊಳೋ ಎಂದು ಅತ್ತ. ಆನಂದಬಾಷ್ಪ ಎಂದುಕೊಂಡ ವಸುಧಾ ಅವನ ಬಾಯಿಗೆ ಕೇಸರಿಬಾತ್ ತುರುಕಿದಳು.