ಮಾಸ್ತರ್ರ ಸಿಂಫನಿ, ನನ್ನ ಮೈಕ್ ಸೆಟ್

ಮೈಕ್ ಸೆಟ್ ಇಟ್ಟವನ ಜೀವನದಾಗ ಒಂದು ಕಾರ್ಯಕ್ರಮನೂ ಅಂದ್ಕೊಂಡಂಗ ನಡೆಯಂಗಿಲ್ಲ. ಇಪ್ಪತ್ತು ವರ್ಷದಾಗ ನನಗ ಇದು ರೂಢಿ ಆಗ್ಯಾದ.

ತೆಲಂಗಾಣ ರಾಜ್ಯ ಬೇಕಂತ ಹೋರಾಟ ನಡೆದ ದಿನದಾಗ ನಮ್ಮ ಓಣಿಯ ರಿಟೈರ್ ಮಾಸ್ತರ್ರು ಒಂದು ಸಿಡಿ ತಂದ್ರು. ಫಾರಿನ್ನಿನ ಸಣ್ಣ ಆರ್ಕೆಸ್ಟ್ರಾ, ಮೂವತ್ತೇ ಮಂದಿ, ಹಳೇ ಕಾಲದ ಸಿಂಫನಿ ಬಾರಿಸಿ ರೆಕಾರ್ಡ್ ಮಾಡಿದ್ದು. ಮಾಸ್ತರ್ರಿಗೆ ಒಂದು ಕಿವಿ ಆಗ್ಲೇ ಹೋಗಿತ್ತು. ಇನ್ನೊಂದೂ ಭಾಳ ದಿನ ಉಳಿಯಂಗಿಲ್ಲ ಅಂತ ಡಾಕ್ಟರ್ ಹೇಳಿದ್ದ.

"ನಿನ್ನ ದೊಡ್ಡ ಬಾಕ್ಸಿನಾಗ ಒಮ್ಮೆ ಪೂರಾ ಕೇಳಬೇಕು ನೋಡಪ್ಪ," ಅಂದ್ರು.

"ಅದರಾಗೇನದರೀ," ಅಂದೆ. ಆದ್ರ ಸೆಟ್ ದಿನಾ ಒಂದು ಸಭಾಕ್ಕ ಹೋಗ್ತಿತ್ತು. ಅದಕ್ಕ ಸೆಟ್ ಹೋದಲ್ಲಿ ಮಾಸ್ತರ್ರೂ ಬಂದ್ರು.

ನಾರಾಯಣಖೇಡ

ಉಪವಾಸ ಕೂತವರ ಟೆಂಟ್. ಲೀಡರ್ ಇನ್ನೂ ಬಂದಿರ್ಲಿಲ್ಲ, ಸಿಡಿ ಹಚ್ಚಿದೆ. ಸಿಂಫನಿದಾಗ ಒಂದು ಭಾಗ ಮುಗಿದ ಮ್ಯಾಲ ಒಂದು ಘಳಿಗಿ ಸುಮ್ಮನಿರ್ತಾರ. ಆ ಘಳಿಗ್ಯಾಗೇ ಲೀಡರ್ ಜೀಪು ಬಂತು. ಮುಗೀತಂತ ಮಂದಿ ಚಪ್ಪಾಳಿ ಹೊಡೆದ್ರು. ಚಪ್ಪಾಳಿ ತನಗೇ ಅಂತ ಲೀಡರ್ ಮೈಕ್ ಹಿಡಿದ. ಎರಡು ತಾಸು ಬಿಡಲಿಲ್ಲ.

"ಮಾಸ್ತರ್ರ, ಉಳಿದ ಮೂರು ಭಾಗ?"

"ತೆಲಂಗಾಣ ಬಂದ ಮ್ಯಾಲ ಕೇಳೋಣು ಬಿಡು."

ತಾಂಡೂರು

ಲಗ್ನದ ಮನಿ. ಬ್ಯಾಂಡ್ ಜೋರು ಹೊಡೆದ್ರ ತಾಳಿ ಕಟ್ಟಿದ್ರಂತ ಲೆಕ್ಕ, ಹಿಂದ ನಿಂತವರು ಮುಂದ ಏನದ ಅಂತ ನೋಡಂಗಿಲ್ಲ, ಅಕ್ಕಿಕಾಳು ಒಗೀತಾರ. ಅದು ಪದ್ಧತಿ. ಹುಡುಗಿ ಒಳಗ ಇನ್ನೂ ಸೀರಿ ಉಡಾಕತ್ತಿದ್ಲು. ಹೊತ್ತು ಹೋಗಲಿ ಅಂತ ಸಿಡಿ ಹಚ್ಚಿದೆ. ಪಿಟೀಲು ಸಣ್ಣಗ ನಡದಿತ್ತು. ಒಮ್ಮೆಲೇ ತುತೂರಿ, ನಗಾರಿ ಎಲ್ಲಾ ಕೂಡಿ ಹೊಡದ್ವು. ಅಕ್ಕಿಕಾಳು ಬಿದ್ದೇ ಬಿದ್ವು. ಹುಡುಗ ಒಬ್ಬನೇ ಕೈ ಕಟ್ಟಿ ನಿಂತಿದ್ದ. ಅರ್ಧ ಮಂದಿ ಊಟಕ್ಕ ಹೊಂಟ್ರು. ನಾ ಸಿಡಿ ಬಂದ್ ಮಾಡಿದೆ.

ಲಗ್ನ ಮಾಡಸಾಕ ಬಂದ ಅಯ್ಯನೋರು ಸಿಟ್ಟಾಗಲಿಲ್ಲ. "ಗಂಡಿನ ಕಡೀದು ಆತ್ರಿ," ಅಂದ್ರು, "ಇನ್ನ ಹೆಣ್ಣಿನ ಕಡೀದು ಉಳೀತು."

ಜಹೀರಾಬಾದ್

ಅಷ್ಟರಾಗ ಮಾಸ್ತರ್ರಿಗೆ ಎರಡೆರಡು ಸಲ ಒದರಿ ಹೇಳಬೇಕಾಗ್ತಿತ್ತು. ಇನ್ನ ತಡಾ ಮಾಡಬಾರದಂತ ಒಂದಿನ ಮುಂಜಾನಿ ಬಜಾರದಾಗ ನನ್ನ ಅಂಗಡಿ ಮುಂದ ಎರಡೂ ಬಾಕ್ಸ್ ನಿಲ್ಲಿಸಿ, ನಡುವ ಅವರನ್ನ ಕುರ್ಚಿ ಮ್ಯಾಲ ಕೂಡಿಸಿದೆ. ಲಾರಿ, ಆಟೋ, ಹಾರ್ನು. ಅವರು ಕೈ ಅಲ್ಲಾಡಿಸಿದ್ರು, ಏನೂ ತಿಳೀವಲ್ದು ಅಂತ.

ಸಾವಕಾಶ ಬಾರಿಸೋ ಭಾಗ ಬಂತು. ದೊಡ್ಡ ಲೀಡರ್ ಸತ್ತಾಗ ರೇಡಿಯೋದಾಗ ಇಂಥದೇ ಬರ್ತಿತ್ತು. ಎದುರಿನ ಕಿರಾಣಿ ಸಾವ್ಕಾರ ಎದ್ದು ಶಟರ್ ಎಳೆದ. ಅವನ್ನ ನೋಡಿ ಬಟ್ಟಿ ಅಂಗಡಿಯವನೂ ಎಳೆದ. ಆ ದಿನದಾಗ ಬಂದ್ ಯಾಕಂತ ಕೇಳೋ ರಿವಾಜೇ ಇರ್ಲಿಲ್ಲ. ಆಟೋ ನಿಂತ್ವು. ಬಜಾರ ತಣ್ಣಗಾತು.

ಯಾರೂ ಸತ್ತಿಲ್ಲ ಅಂತ ಹೇಳಾಕ ಎದ್ದೆ. ಮಾಸ್ತರ್ರು ನನ್ನ ಅಂಗಿ ಹಿಡಿದು ಕೂಡಿಸಿದ್ರು. ಕಣ್ಣು ಮುಚ್ಚಿ ಕಡೀತನಕ ಕೇಳಿದ್ರು.

ಮುಗಿದ ಮ್ಯಾಲ ಸಾವ್ಕಾರ ಟೋಪಿ ಕೈಯಾಗ ಹಿಡಿದು ಬಂದು, ಅವರ ಕಿವಿ ಹತ್ರ ಬಗ್ಗಿ ಕೇಳಿದ, "ಯಾರ್ ಹೋದ್ರೀ?"

ಮಾಸ್ತರ್ರು ಸುಳ್ಳು ಹೇಳೋರಲ್ಲ. "ಇದನ್ನ ಬರದಾತ."

"ಯಾವಾಗ್ರೀ?"

"ನೂರೈವತ್ತು ವರ್ಷ ಆತು."

ಸಾವ್ಕಾರ ಒಂದು ಘಳಿಗಿ ತಲಿ ತಗ್ಗಿಸಿ ನಿಂತ. "ನಮ್ಮ ಕಡಿ ಸುದ್ದಿ ತಡಾನೇ ಬರ್ತದ ಬಿಡ್ರಿ," ಅಂದ. ಸಂಜೀತನಕ ಶಟರ್ ತಗೀಲಿಲ್ಲ.