ಪಾದ್ರಿ ಹಂಪಯ್ಯನವರ ನಲವತ್ತು ಮಂದಿ

ಆ ಸೋಮವಾರ ಪಾದ್ರಿ ಹಂಪಯ್ಯನವರು ಗುರುಶಾಂತಮ್ಮ ಕೊಟ್ಟ ಮಜ್ಜಿಗೆ ಕುಡಿಯಲಿಲ್ಲ. ಮುಂದಿನ ಅನಾಹುತಕ್ಕೆಲ್ಲ ಅದೇ ಮೂಲ.

ಪಾದ್ರಿಯ ನಿಜವಾದ ಹೆಸರು ಹಂಫ್ರಿ. ಮತಪ್ರಚಾರಕ್ಕೆಂದು ಇಂಗ್ಲೆಂಡಿನಿಂದ ದಾವಣಗೆರೆಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಮಂಡಿಪೇಟೆಯ ಜನ ಅವರನ್ನು ಬಂದ ವರ್ಷವೇ ಹಂಪಯ್ಯ ಮಾಡಿಕೊಂಡಿದ್ದರು. ಅವರಿಗೆ ಮಾತ್ರ ಈ ಜನರಲ್ಲಿ ಯಾರನ್ನೂ ಏನೂ ಮಾಡಲಾಗಿರಲಿಲ್ಲ. ಪ್ರಾರ್ಥನಾ ಮಂದಿರಕ್ಕೂ ಗುರುಶಾಂತಮ್ಮನ ಹಿತ್ತಲಿಗೂ ನಡುವೆ ಒಂದು ಮೋಟುಗೋಡೆ. ದಿನಾ ಬೆಳಿಗ್ಗೆ ಅದರ ಮೇಲೆ ಒಂದು ಚೊಂಬು ಮಜ್ಜಿಗೆ ಬಂದು ಕೂರುತ್ತಿತ್ತು. ಅಂದು ಚೊಂಬು ತುಂಬಿದ್ದು ತುಂಬಿದಂತೆಯೇ ಇತ್ತು.

"ಯಾಕ ಸ್ವಾಮೇರೆ, ಹುಳಿ ಆಗೈತಾ?" ಎಂದು ಗುರುಶಾಂತಮ್ಮ ಕೇಳಿದಳು.

"ಇಲ್ಲ ತಾಯಿ. ಗಂಟಲಾಗೆ ಇಳಿಯವಲ್ದು." ಪಾದ್ರಿ ಜೇಬಿನಿಂದ ಕಾಗದ ತೆಗೆದರು. "ನಮ್ಮ ಸಂಘದ ದೊಡ್ಡ ಸಾಹೇಬ್ರು ಲಂಡನ್ನಿಂದ ಬಂದಾರೆ. ಇವತ್ತು ನಮ್ಮ ಮಂದಿರ ನೋಡ್ತಾರೆ. ನಲವತ್ತು ಮಂದಿ ಭಕ್ತರು ಇಲ್ಲ ಅಂದ್ರೆ ಮುಚ್ಚಿಬಿಡ್ತಾರೆ."

"ಮುಚ್ಚಿದ್ರೆ ನೀವು?"

"ವಾಪಸ್ ಇಂಗ್ಲೆಂಡಿಗೆ."

ಗುರುಶಾಂತಮ್ಮನ ಕೈ ಗೋಡೆಯ ಮೇಲೆಯೇ ನಿಂತಿತು. "ಮತ್ತೆ ಅಮ್ಮಾವ್ರು?"

ಪಾದ್ರಿ ಕಾಗದ ಮಡಿಸಿ ಜೇಬಿಗಿಟ್ಟರು. ಅವರ ಹೆಂಡತಿ ಈಡಿತ್ ತೀರಿಕೊಂಡು ಆರು ವರ್ಷವಾಗಿತ್ತು. ಹರಿಹರದಲ್ಲಿ, ಸಂಘದ ಸ್ಮಶಾನದಲ್ಲಿ ಮಲಗಿದ್ದರು. ಪಾದ್ರಿಗೆ ಈ ಲೋಕದಲ್ಲಿ ಉಳಿದಿದ್ದ ಆಸೆ ಒಂದೇ: ಸಾಯುವತನಕ ಇಲ್ಲೇ ಇರಬೇಕು, ಸತ್ತ ಮೇಲೆ ಅವಳ ಪಕ್ಕದಲ್ಲಿ ಇರಬೇಕು.

"ಈಗ ನಿಮ್ಮ ಕಡೆ ಎಷ್ಟು ಮಂದಿ ಅದಾರೆ?"

"ಕಾಟಪ್ಪ."

ಕಾಟಪ್ಪ ಎಂದರೆ ಪಾದ್ರಿಯ ಅಡುಗೆಯವನು. ಇಪ್ಪತ್ತೆರಡು ವರ್ಷದ ಬೆಳೆ ಅಷ್ಟೇ. ಅವನೂ ಅಂದು ಬೆಳಿಗ್ಗೆಯೇ ಭಾಮೈದನ ಮಗುವಿನ ಜವಳವೆಂದು ಆನಗೋಡಿಗೆ ಹೋಗಿದ್ದ.

ಗುರುಶಾಂತಮ್ಮ ಸೆರಗು ಬಿಗಿದಳು. "ನೀವು ಹೋಗಿ ಸಾಹೇಬ್ರನ್ನ ಕರ್ಕೊಂಡು ಬರ್ರಿ. ಇಲ್ಲಿದು ನಮಗೆ ಬಿಡ್ರಿ."

"ನೋಡು ತಾಯಿ, ಸುಳ್ಳು ಮಾತ್ರ ಬ್ಯಾಡ."

"ಸುಳ್ಳು ಯಾಕ ಹೇಳ್ತೀವಿ? ಬಂದು ಕೂಡ್ತೀವಿ, ಅಷ್ಟೆ. ಕೂಡೋದೂ ಸುಳ್ಳಾ?"

ಇದಕ್ಕೆ ತಕ್ಕ ಉತ್ತರ ಪಾದ್ರಿಗೆ ಹೊಳೆಯುವುದರೊಳಗೆ ಹರಿಹರದ ಬಸ್ಸಿಗೆ ಹೊತ್ತಾಯಿತು.

ಸಾಹೇಬರ ಹೆಸರು ಬ್ಲೆಂಕಿನ್. ಸ್ಮಶಾನವನ್ನೂ ನೋಡಬೇಕೆಂದು ಹರಿಹರದಲ್ಲೇ ರೈಲಿಳಿದರು. ಇಂಡಿಯಾಕ್ಕೆ ಬಂದು ಹದಿನೆಂಟು ದಿನವಾಗಿತ್ತು. ಆದ್ದರಿಂದ ಇಂಡಿಯಾ ಅವರಿಗೆ ಪೂರ್ತಿ ಅರ್ಥವಾಗಿತ್ತು. ಈಡಿತ್‌ಳ ಸಮಾಧಿಯ ಮುಂದೆ ಟೋಪಿ ತೆಗೆದು ನಿಂತರು. ಪಕ್ಕದಲ್ಲಿ ನಾಲ್ಕು ಕಲ್ಲು ನೆಟ್ಟು ಬಿಟ್ಟಿದ್ದ ಜಾಗ ಕಂಡು, "ಇದು ಯಾರದು?" ಎಂದರು.

"ನನ್ನದು" ಎಂದರು ಪಾದ್ರಿ.

ಬ್ಲೆಂಕಿನ್ನರು ಪಾದ್ರಿಯ ಮುಖವನ್ನು ಒಂದು ಗಳಿಗೆ ನೋಡಿ ಟೋಪಿ ಹಾಕಿಕೊಂಡರು. ಆಮೇಲೆ ಇಬ್ಬರೂ ದಾವಣಗೆರೆಯ ಬಸ್ಸು ಹತ್ತಿದರು.

ಇತ್ತ ಗುರುಶಾಂತಮ್ಮ ಜೋಳದ ಮಂಡಿಯ ವಾಮದೇವಪ್ಪನವರ ಮುಂದೆ ಹೋಗಿ ನಿಂತಿದ್ದಳು. ಓಣಿಗೆಲ್ಲ ಹಿರಿಯರು ಅವರೇ. ವಿಷಯ ಕೇಳಿ ತಕ್ಕಡಿ ಕೆಳಗಿಟ್ಟರು. "ದೊಡ್ಡ ಗುರುಗಳ ಮುಂದೆ ನಮ್ಮ ಓಣಿ ಸ್ವಾಮೇರ ಮಾನ ಹೋದ್ರೆ, ನಮ್ಮ ಮಾನ ಉಳಿತೈತೇನು? ಮನೆಗೊಬ್ರು ಅಲ್ಲ, ಮನೆ ಮಂದಿಯೆಲ್ಲ ಬರ್ರಿ. ನಮ್ಮ ಮಠಕ್ಕೆ ಜಗದ್ಗುರು ಬಂದ್ರೆ ಹೆಂಗೆ ಮಾಡ್ತೀವೋ ಹಂಗೇ ಆಗ್ಲಿ!"

ಹಾಗೆಯೇ ಆಯಿತು. ಬ್ಲೆಂಕಿನ್ನರು ಮಂದಿರದ ಬಾಗಿಲಿಗೆ ಬಂದರೆ ಒಳಗೆ ಕಾಲಿಡಲು ಜಾಗವಿರಲಿಲ್ಲ. ಬೆಂಚು ತುಂಬಿ, ನೆಲ ತುಂಬಿ, ಕಿಟಕಿಯಲ್ಲೂ ತಲೆಗಳು. ಎಲ್ಲರೂ ಮಿಂದು, ಮಡಿಯುಟ್ಟು, ಹಣೆಯ ತುಂಬ ವಿಭೂತಿ ಬಳಿದು ಬಂದಿದ್ದರು. ಹೊಸ್ತಿಲಲ್ಲಿ ಮಣೆ, ಹಿತ್ತಾಳೆ ಪರಾತ, ಬಿಂದಿಗೆ ನೀರು.

"ಬೂಟು ಬಿಚ್ರಿ ಬುದ್ಧೀ" ಎಂದರು ವಾಮದೇವಪ್ಪ.

ಬ್ಲೆಂಕಿನ್ನರ ಕಾಲುಚೀಲದಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ವಾಮದೇವಪ್ಪ ಅದನ್ನು ಲೆಕ್ಕಿಸದೆ ಚೀಲ ಎಳೆದು, ನೆಲದ ಮೇಲೆ ಕೂತು, ಆ ಪಾದಗಳನ್ನು ತಮ್ಮ ಕೈಯಾರೆ ತೊಳೆದರು. ಮಂಡಿಯಲ್ಲಿ ಯಾರಿಗೂ ತಲೆಬಾಗದ ಎಪ್ಪತ್ತು ವರ್ಷದ ಮುದುಕ.

ಬ್ಲೆಂಕಿನ್ನರ ಕಣ್ಣು ತುಂಬಿತು. "ಹಂಫ್ರಿ! ನಮ್ಮ ಕರ್ತನು ಶಿಷ್ಯರ ಪಾದಗಳನ್ನು ಹೀಗೆಯೇ ತೊಳೆದದ್ದು. ಲಂಡನ್ನಿನಲ್ಲಿ ಇದನ್ನು ಮಾಡುವವರು ಯಾರಿದ್ದಾರೆ?"

"ಇದು ಇವರ ಪದ್ಧತಿ, ತಮ್ಮ ಗುರುಗಳಿಗೆ ಮಾಡುತ್ತಾರೆ" ಎಂದರು ಪಾದ್ರಿ ಗಾಬರಿಯಿಂದ.

"ಇದನ್ನೊಂದು ಪದ್ಧತಿಯನ್ನಾಗಿಯೇ ಮಾಡಿಬಿಟ್ಟಿದ್ದೀರಲ್ಲ! ಹಣೆಯ ಮೇಲೆ ಬೂದಿ ಬೇರೆ! ಪಶ್ಚಾತ್ತಾಪವೆಂದು ನಾವು ವರ್ಷಕ್ಕೊಂದು ಬುಧವಾರ ಹಚ್ಚಿಕೊಳ್ಳುವುದನ್ನು ಇವರು ಸೋಮವಾರವೂ ಹಚ್ಚಿಕೊಂಡಿದ್ದಾರೆ."

"ಅದು ವಿಭೂತಿ. ಇವರು ಶಿವಭಕ್ತರು..."

ಬ್ಲೆಂಕಿನ್ನರಿಗೆ ಕೇಳಿಸಲಿಲ್ಲ. ಅವರು ವಾಮದೇವಪ್ಪನವರ ಎದೆಯ ಮೇಲೆ ತೂಗುತ್ತಿದ್ದ, ಇಷ್ಟಲಿಂಗವಿಡುವ ಬೆಳ್ಳಿಯ ಕರಡಿಗೆಯನ್ನು ನೋಡುತ್ತಿದ್ದರು. ಅದರೊಳಗೆ ಏನಿದೆ ಎಂದು ಪಾದ್ರಿಯ ಮೂಲಕ ಕೇಳಿದರು.

"ನಮ್ಮ ದೇವ್ರು ಅದಾನ್ರಿ. ದೇವ್ರು ಒಬ್ಬನೇ. ಉಸಿರು ಇರೋತನ್ಕ ಅವನನ್ನ ಎದಿ ಮ್ಯಾಲಿಂದ ಇಳಿಸಂಗಿಲ್ಲ."

ಸುಳ್ಳು ಹೇಳದ ಪಾದ್ರಿ ಇದನ್ನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಿರುಗಿಸಿದರು. ನಿಜ ಹೇಳಿಯೂ ಮನುಷ್ಯ ಇಷ್ಟು ಕಷ್ಟಕ್ಕೆ ಸಿಕ್ಕಬಹುದೆಂದು ಅವರಿಗೆ ಗೊತ್ತಿರಲಿಲ್ಲ. ಬ್ಲೆಂಕಿನ್ನರು ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತುಬಿಟ್ಟರು.

ಕೊನೆಗೆ ಗುರುಶಾಂತಮ್ಮ ತಾನಾಗಿಯೇ ಎದ್ದಳು. "ನನ್ನ ಸೊಸಿ ಹೆರಿಗ್ಯಾಗೆ ಸಾಯಂಗಿದ್ಲು. ಈ ಸ್ವಾಮೇರ ಮನೆ ಅಮ್ಮಾವ್ರು ಎರಡು ದಿನ ನಮ್ಮನ್ಯಾಗೇ ಕೂತು ತಾಯಿ ಮಗೂನ ಉಳಿಸಿದ್ರು. ಇವರನ್ನ ಇಲ್ಲಿಂದ ಕಳಿಸ್ಬ್ಯಾಡ್ರಿ."

ಅದನ್ನೂ ಪಾದ್ರಿ ಅನುವಾದ ಮಾಡಿದರು. ಈ ಜನರ ಪ್ರೀತಿ ನಿಜ. ಆದರೆ ಅದರ ಮೇಲೆ ನಿಂತು ದೇವರಿಗೆ ಮೋಸ ಮಾಡುವುದು ಸಾಧ್ಯವಿಲ್ಲ. ಬ್ಲೆಂಕಿನ್ನರನ್ನು ಒಳಕೋಣೆಗೆ ಕರೆದೊಯ್ದು ಬಾಗಿಲು ಹಾಕಿದರು.

"ಸರ್, ಅಲ್ಲಿರುವವರಲ್ಲಿ ಒಬ್ಬರನ್ನೂ ನಾನು ಗೆದ್ದಿಲ್ಲ. ಎಲ್ಲರೂ ಅವರವರ ದೇವರಲ್ಲೇ ಇದ್ದಾರೆ. ನನ್ನ ಸಾಧನೆ ಸೊನ್ನೆ."

ಬ್ಲೆಂಕಿನ್ನರು ಅವರ ಭುಜ ತಟ್ಟಿದರು. "ಗೆದ್ದವನು ನಾನಲ್ಲ, ದೇವರು ಎನ್ನುತ್ತೀರಿ. ಹಂಫ್ರಿ, ಇಂಥ ವಿನಯವನ್ನು ನಾನು ಇದುವರೆಗೆ ಕಂಡಿಲ್ಲ."

"ವಿನಯವಲ್ಲ ಸರ್, ನಿಜ!"

"ವಿನಯವಂತರು ಹೇಳುವುದೂ ಅದನ್ನೇ. ನಲವತ್ತು ಕೇಳಿದ್ದೆವು; ನಾನು ನೂರಿಪ್ಪತ್ತು ಎಣಿಸಿದೆ. ಮಂದಿರ ಮುಚ್ಚುವ ಮಾತೇ ಇಲ್ಲ."

ಪಾದ್ರಿ ಕುರ್ಚಿಯಲ್ಲಿ ಕುಸಿದರು. ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಸಂತೋಷವಾಯಿತು. ಹಾಗಾದರೆ ಉಳಿದೆ.

"ಈ ದೇಶಕ್ಕೆ ಸ್ವಾತಂತ್ರ್ಯ ಬಂದು ಹನ್ನೊಂದು ವರ್ಷ" ಎಂದು ಬ್ಲೆಂಕಿನ್ನರು ಮುಂದುವರಿಸಿದರು. "ಇಂಥ ಬಲವಾದ ಸಭೆಗೆ ನಮ್ಮಂಥ ಪರದೇಶಿಗಳ ಅಗತ್ಯವಿಲ್ಲ. ಇಲ್ಲಿಯವರೇ ಒಬ್ಬ ಪಾಸ್ಟರು ಬಂದು ನೋಡಿಕೊಳ್ಳುತ್ತಾರೆ. ನೀವು ನ್ಯೂಗಿನಿಗೆ ಹೊರಡಿ. ಅಲ್ಲಿ ಭಕ್ತರಿಲ್ಲದೆ ದ್ವೀಪಕ್ಕೆ ದ್ವೀಪವೇ ಖಾಲಿ. ಮುಂದಿನ ತಿಂಗಳು ಹಡಗು."

ಸಂಘದ ಆಜ್ಞೆ ಮೀರುವುದಿಲ್ಲವೆಂದು ಪಾದ್ರಿ ದೀಕ್ಷೆಯ ದಿನವೇ ಮಾತು ಕೊಟ್ಟಿದ್ದರು.

"ನಿಜ ಹೇಳುತ್ತೇನೆ" ಎಂದು ಬ್ಲೆಂಕಿನ್ನರು ದನಿ ತಗ್ಗಿಸಿದರು. "ಮಂದಿರ ಖಾಲಿಯಿದ್ದಿದ್ದರೆ ನಿಮ್ಮನ್ನು ಇವತ್ತೇ ನಿವೃತ್ತಿ ಮಾಡಿಸುವುದಿತ್ತು. ಪಾಪ, ಹರಿಹರದಲ್ಲೇ ಒಂದು ಪುಟ್ಟ ಮನೆ ಮಾಡಿಕೊಂಡು ಹೆಂಡತಿಯ ಸಮಾಧಿಯ ಹತ್ತಿರ ಕಾಲ ಕಳೆಯಲಿ ಎಂದು ಸ್ಮಶಾನದಲ್ಲೇ ನಿಶ್ಚಯಿಸಿದ್ದೆ. ದೇವರ ದಯೆ, ನಿಮಗೆ ಆ ಗತಿ ಬರಲಿಲ್ಲ."

ಪಾದ್ರಿ ಹೊರಗೆ ಬಂದಾಗ ನೂರಿಪ್ಪತ್ತು ಮುಖಗಳು ಅವರನ್ನೇ ನೋಡುತ್ತಿದ್ದವು.

"ಏನಂದ್ರು ಸ್ವಾಮೇರೆ? ಗೆದ್ವಾ?" ಗುರುಶಾಂತಮ್ಮ ಉಸಿರು ಹಿಡಿದು ಕೇಳಿದಳು.

ಪಾದ್ರಿ ಆ ಮುಖಗಳನ್ನೆಲ್ಲ ನೋಡಿದರು. ಇವರಿಗೆ ಹೇಗೆ ಹೇಳುವುದು?

"ಗೆದ್ರಿ ತಾಯಿ" ಎಂದರು. "ನಮ್ಮ ಮಂದಿರ ಮುಚ್ಚಂಗಿಲ್ಲ."

ಮಂದಿರ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ವಾಮದೇವಪ್ಪ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ಪಾದ್ರಿಯ ಎರಡೂ ಕೈ ಹಿಡಿದರು.

"ಇನ್ನ ಹೆದರ್ಬ್ಯಾಡ್ರಿ. ಬರೋ ವರ್ಷ ಸಾಹೇಬ್ರು ಮತ್ತೆ ಬರ್ಲಿ, ಇನ್ನೂರು ಮಂದೀನ ಕೂಡಿಸ್ತೀವಿ."