ಕೇಳದವರ ಅರ್ಜಿ

ನನಗೆ ಅಕ್ಷರ ಒಲಿಯುವುದಿಲ್ಲ ಎಂದು ಮೊದಲು ತೀರ್ಪು ಕೊಟ್ಟವರು ನಮ್ಮ ಮಾವನವರು. ಮೂವತ್ತೆಂಟು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವರು. ಅವರ ತೀರ್ಪಿಗೆ ಮೇಲ್ಮನವಿ ಇರಲಿಲ್ಲ. "ಸೂಜಿಗೆ ದಾರ ಪೋಣಿಸು, ಅದು ನಿನಗೆ ಬರುತ್ತೆ. ಅಕ್ಷರಕ್ಕೆ ಅಕ್ಷರ ಪೋಣಿಸೋದು ಈ ಜನ್ಮದಲ್ಲಿ ನಿನ್ನಿಂದಾಗಲ್ಲ" ಅಂದರು.

ನಾನು ಹಠಕ್ಕೆ ಬಿದ್ದೆ. ರವಿಕೆಯ ಅಳತೆ ಕತ್ತರಿಸುವ ಹಳೆಯ ಪತ್ರಿಕೆಗಳಲ್ಲೇ ಓದು ಕಲಿತೆ. ಹೀಗಾಗಿ ಬಹಳ ಕಾಲ ನನಗೆ ಸುದ್ದಿಯ ಎಡತೋಳು ಮಾತ್ರ ಗೊತ್ತಿತ್ತು. ಮಂತ್ರಿಗಳು ಕೊಟ್ಟ ಭರವಸೆ ತಿಳಿಯುತ್ತಿತ್ತು; ಆಮೇಲೆ ಏನಾಯಿತು ಎಂಬುದು ಕತ್ತರಿಗೆ ಹೋಗಿರುತ್ತಿತ್ತು. ಪೂರ್ತಿ ಪತ್ರಿಕೆ ಓದುವಂತಾದ ಮೇಲೆ ನೋಡಿದರೆ, ನಾನು ಕಳೆದುಕೊಂಡದ್ದು ಏನೂ ಇರಲಿಲ್ಲ.

ಮಾವನವರಿಗೆ ಈಗ ಎಂಬತ್ತೊಂದು. ಕಿವಿ ಮೂರು ವರ್ಷದ ಹಿಂದೆಯೇ ಕೈಕೊಟ್ಟಿತು. ಅಲ್ಲಿಂದ ನಮ್ಮ ಮಾತೆಲ್ಲ ಸ್ಲೇಟಿನ ಮೇಲೆ. ನಾನು ಬರೆಯುವುದು, ಅವರು ಬಾಯಲ್ಲಿ ಉತ್ತರ ಹೇಳುವುದು. ಉತ್ತರಕ್ಕೆ ಮೊದಲು ತಿದ್ದುಪಡಿ ಬರುತ್ತಿತ್ತು. ಒಮ್ಮೆ "ಬಾಲೆಹಣ್ಣು ಬೇಕಾ" ಎಂದು ಬರೆದೆ. "ಬಾಲೆ ಅಂದ್ರೆ ಹುಡುಗಿ ಕಣಮ್ಮ. ನೀನು ಹಣ್ಣಿನ ವಿಷಯ ಕೇಳ್ತಿದ್ದೀಯೋ, ಸಂಬಂಧ ತಂದಿದ್ದೀಯೋ?" ಅಂದರು. ಅಳಿಸಿ ಳ ಬರೆದ ಮೇಲೆಯೇ ಹಣ್ಣು ತಿಂದರು.

ಆಮೇಲೆ ಕಣ್ಣು ಮಂಜಾಗತೊಡಗಿತು. ಕಣ್ಣಿನ ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿ ಹೇಳಿದರು, ಮಾವನವರ ಮುಂದೆ ಗಟ್ಟಿಯಾಗಿ ಹೇಳಿದ್ದರೂ ನಡೆಯುತ್ತಿತ್ತು. "ಹೆಚ್ಚೆಂದರೆ ಎಂಟು ತಿಂಗಳು ಓದಬಹುದು. ಅಷ್ಟರೊಳಗೆ ಕಿವಿಗೆ ಯಂತ್ರ ಹಾಕಿಸಿಬಿಡಿ. ಇಲ್ಲದಿದ್ದರೆ ಅವರಿಗೆ ನೀವು ಏನನ್ನೂ ಹೇಳೋಕಾಗಲ್ಲ."

ಅಂಗಡಿಯಲ್ಲಿ ವಿಚಾರಿಸಿದೆ. ನನ್ನ ನಾಲ್ಕೂ ಹೊಲಿಗೆ ಯಂತ್ರ ಮಾರಿದರೆ ಒಂದು ಕಿವಿ ಬರುತ್ತಿತ್ತು. ಆಮೇಲೆ ಆ ಕಿವಿಗೆ ಕೇಳಿಸಲು ಮನೆಯಲ್ಲಿ ಸದ್ದೇ ಇರುತ್ತಿರಲಿಲ್ಲ. ಆದ್ದರಿಂದ ಹಿರಿಯರ ಇಂದ್ರಿಯ ನೆರವು ಕಚೇರಿಗೆ ಹೋದೆ.

ಅದು ವ್ಯವಸ್ಥಿತವಾದ ಕಚೇರಿ. ಕಿವಿ ವಿಭಾಗದಲ್ಲಿ ಸರದಿಯನ್ನು ಕೂಗಿ ಕರೆಯುತ್ತಾರೆ. ಕಣ್ಣಿನ ವಿಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸುತ್ತಾರೆ. ಮಂಡಿ ವಿಭಾಗ ನಾಲ್ಕನೇ ಮಹಡಿಯಲ್ಲಿದೆ. ಮೂರೂ ಕಡೆ ಜನಜಂಗುಳಿ ಇಲ್ಲದೆ ಶಾಂತವಾಗಿ ಕೆಲಸ ನಡೆಯುತ್ತದೆ.

ಅರ್ಜಿಯ ಏಳನೇ ಅಂಕಣದಲ್ಲಿ "ತೊಂದರೆಯ ವಿವರ" ಎಂದಿತ್ತು. ನಾನು ಮನೆಗೆ ತಂದು, "ಅರ್ಜಿದಾರರಿಗೆ ಕಿವಿ ಕೇಳುವುದಿಲ್ಲ" ಎಂದು ಒಂದೂ ತಪ್ಪಿಲ್ಲದೆ ಬರೆದೆ. ಮಾವನವರು ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ನೋಡಿ, ಕೆಂಪು ಪೆನ್ನಿನಿಂದ "ಕಿವಿ" ಎಂಬುದನ್ನು ಹೊಡೆದುಹಾಕಿದರು.

"ಕೇಳೋದು ಕಿವಿಯಿಂದಲೇ. ಮೂಗಿನಿಂದ ಕೇಳೋರು ಯಾರಿದ್ದಾರೆ? ಅನಗತ್ಯ ಪದ." ಹಾಗೆಯೇ "ಅರ್ಜಿದಾರರಿಗೆ" ಎಂಬುದನ್ನು "ಅರ್ಜಿದಾರರು" ಎಂದು ಬಿಗಿ ಮಾಡಿದರು.

ನಲವತ್ತು ದಿನಕ್ಕೆ ಉತ್ತರ ಬಂತು.

"ಅರ್ಜಿದಾರರು ಕೇಳುವುದಿಲ್ಲವೆಂದು ಸ್ವತಃ ಲಿಖಿತವಾಗಿ ತಿಳಿಸಿರುತ್ತಾರೆ. ನಿಯಮ ಹದಿನಾಲ್ಕರ ಪ್ರಕಾರ, ಕೇಳದವರಿಗೆ ಯಾವುದೇ ಸೌಲಭ್ಯವನ್ನು ಕೊಡತಕ್ಕದ್ದಲ್ಲ. ಏನನ್ನೂ ಕೇಳದಿರುವ ಅವರ ಸ್ವಾಭಿಮಾನವನ್ನು ಕಚೇರಿಯು ಮೆಚ್ಚುತ್ತದೆ."

ಉತ್ತರ ಬಂದದ್ದು ಬೇಡಿಕೆ ವಿಭಾಗದಿಂದ. ನಾನು ಅಲ್ಲಿನ ಗುಮಾಸ್ತರ ಮುಂದೆ ಕಾಗದ ಇಟ್ಟೆ.

"ಸ್ವಾಮಿ, ಇದು ಬೇಡಿ ಕೇಳೋದಲ್ಲ. ಕಿವಿ ಕೇಳೋದು."

ಅವರು ಬಹಳ ಸಾವಧಾನದ ಮನುಷ್ಯ. "ನೋಡಿ ಅಮ್ಮ, ಕಿವಿ ಕೇಳುವುದಿಲ್ಲ ಅಂದ್ರೆ, ಕಿವಿಯನ್ನು ಕೇಳ್ತಿಲ್ಲ ಅಂತ. ಹೇಗೂ ಕೇಳಿದ್ರೂ ಸಿಗ್ತಿರಲಿಲ್ಲ. ಈ ಕಚೇರಿಯಲ್ಲಿ ನಾವು ಯಾರಿಗೂ ಕಿವಿ ಕೊಡೋದಿಲ್ಲ."

"ಹಾಗಾದ್ರೆ ಕೇಳಿಸುವುದಿಲ್ಲ ಅಂತ ಬರೀಲಾ?"

"ಬರೀಬೇಡಿ. ಕೇಳಿಸುವುದಿಲ್ಲ ಅಂದ್ರೆ ಮನೆಯವರು ಅವರಿಗೆ ಏನೂ ಕೇಳಿಸ್ತಿಲ್ಲ, ಮುಚ್ಚಿಡ್ತಿದ್ದಾರೆ ಅಂತಾಗುತ್ತೆ. ಅದು ಹಿರಿಯರ ಕಿರುಕುಳ ವಿಭಾಗ. ನಿಮ್ಮ ಮೇಲೇ ಕೇಸು."

"ಮತ್ತೇನು ಬರೀಲಿ?"

"ಕೇಳುತ್ತಾರೆ ಅಂತ ಬರೀರಿ. ಸರಳ."

ಬರೆದೆ. ಬೇಡಿಕೆ ವಿಭಾಗ ಅಂದೇ ಒಪ್ಪಿ ಕಡತವನ್ನು ಎದುರಿನ ಕೊಠಡಿಗೆ, ಅಂದರೆ ತೊಂದರೆ ನಿಜವೇ ಎಂದು ನೋಡುವ ಕೊರತೆ ವಿಭಾಗಕ್ಕೆ, ಕಳಿಸಿತು. ಆರು ಹೆಜ್ಜೆಯ ದಾರಿ. ಎರಡು ತಿಂಗಳು ಹಿಡಿಯಿತು. ಅಲ್ಲಿಂದ ಬಂದ ಉತ್ತರ: "ಅರ್ಜಿದಾರರು ಕೇಳುತ್ತಾರೆಂದು ದಾಖಲೆಯಿಂದ ಸ್ಪಷ್ಟವಾಗಿರುವುದರಿಂದ ಶ್ರವಣ ಯಂತ್ರದ ಅಗತ್ಯ ಕಂಡುಬರುವುದಿಲ್ಲ. ಅಭಿನಂದನೆಗಳು."

ಮನೆಯಲ್ಲಿ ಸ್ಲೇಟಿನ ಅಕ್ಷರ ಅಂಗೈಯಗಲ ಆಗಿತ್ತು. ಒಂದು ಸಲಕ್ಕೆ ಎರಡು ಪದ ಮಾತ್ರ ಹಿಡಿಸುತ್ತಿತ್ತು. ನಾನು ಬರೆಯುವುದನ್ನು ಕಡಿಮೆ ಮಾಡಿದೆ. "ಏನಮ್ಮ, ಮಾತು ಬಿಟ್ಟಿದ್ದೀಯಾ?" ಅಂದರು ಮಾವ. "ಇಲ್ಲ" ಎಂದು ಬರೆದೆ. ಅದು ಸ್ಲೇಟಿನಲ್ಲಿ ಹಿಡಿಯಿತು.

ಮತ್ತೆ ಹೋದೆ. ಈ ಸಲ ಅಧೀಕ್ಷಕರೇ ಕರೆಸಿದರು. "ಬೇಡಿಕೆಯವರಿಗೆ ಕೇಳೋರು ಬೇಕು, ಕೊರತೆಯವರಿಗೆ ಕೇಳದೋರು ಬೇಕು. ಎರಡೂ ನ್ಯಾಯವಾಗಿದೆ. ಅರ್ಜಿದಾರರನ್ನೇ ಕರೆತನ್ನಿ, ಎರಡೂ ವಿಭಾಗದ ಮುಂದೆ ಒಂದೇ ಪ್ರಶ್ನೆ ಕೇಳಿ ಮುಗಿಸಿಬಿಡೋಣ."

ಮಾವನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನನ್ನ ಹೆಗಲು ಹಿಡಿದು ಬಂದರು. ಅವರ ಹೆಸರನ್ನು ಮೂರು ಸಲ ಕೂಗಿದರು. ಮಾವ ನೆಟ್ಟಗೆ ಕೂತೇ ಇದ್ದರು. "ಗೈರುಹಾಜರು" ಎಂದು ಗುಮಾಸ್ತರು ಬರೆದುಕೊಂಡರು. ಪಕ್ಕದಲ್ಲೇ ಕೂತಿದ್ದಾರೆ ಎಂದು ತೋರಿಸಿದ ಮೇಲೆ "ಗೈರುಹಾಜರು, ಆದರೆ ಕೂತಿದ್ದಾರೆ" ಎಂದು ತಿದ್ದಿದರು.

ಅಧೀಕ್ಷಕರು ಗಂಟಲು ಸರಿಮಾಡಿಕೊಂಡರು. "ಹಿರಿಯರೇ, ನೀವು ಕೇಳ್ತೀರೋ ಇಲ್ಲವೋ?"

ನಾನು ಅದನ್ನೇ ಸ್ಲೇಟಿನಲ್ಲಿ ಬರೆದು ಹಿಡಿದೆ. ಮಾವನವರು ಕಣ್ಣಿಗೆ ತಾಗುವಷ್ಟು ಹತ್ತಿರ ತಂದುಕೊಂಡು ಓದಿದರು. ಕತ್ತು ನೆಟ್ಟಗಾಯಿತು. ಆ ಕತ್ತನ್ನು ನಾನು ಮೂವತ್ತು ವರ್ಷದಿಂದ ಬಲ್ಲೆ.

"ನಾನು ಹುಟ್ಟಿದಾಗಿನಿಂದ ಯಾರನ್ನೂ ಏನೂ ಕೇಳಿದವನಲ್ಲ" ಅಂದರು.

ಬೇಡಿಕೆ ವಿಭಾಗ ತಲೆದೂಗಿತು. ಕೊರತೆ ವಿಭಾಗದವರು, ಪ್ರಶ್ನೆಗೆ ಸರಿಯಾದ ಉತ್ತರ ಬಂದಿರುವುದರಿಂದ ಶ್ರವಣ ಶಕ್ತಿ ಉತ್ತಮವಾಗಿದೆ ಎಂದು ಬರೆದುಕೊಂಡರು.

"ಅವರು ಸ್ಲೇಟು ಓದಿ ಹೇಳಿದ್ದು" ಅಂದೆ.

"ಹಾಗಾದ್ರೆ ಕಣ್ಣೂ ಚೆನ್ನಾಗಿದೆ ಅಂತ ಸೇರಿಸ್ತೀವಿ" ಅಂದರು.

ನಾನು ಎದ್ದು ನಿಂತೆ. "ಸ್ವಾಮಿ, ಅವರು ಕೇಳಲ್ಲ. ನಾನು ಕೇಳ್ತಿದ್ದೀನಿ. ಏಳು ತಿಂಗಳಿಂದ ನಾನೇ ಕೇಳ್ತಿರೋದು. ನನ್ನನ್ನು ಬರ್ಕೊಳ್ಳಿ."

ಅಧೀಕ್ಷಕರು ನಿಯಮಾವಳಿ ತಿರುವಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಇದು ಯಾಕೆ ಮೊದಲೇ ಹೊಳೀಲಿಲ್ಲ? ಕೇಳದಿರೋರು ಒಬ್ಬರು, ಕೇಳೋರು ಒಬ್ಬರು. ಎರಡೂ ವಿಭಾಗಕ್ಕೆ ಒಬ್ಬೊಬ್ಬರು."

ಹದಿನೈದು ದಿನದೊಳಗೆ ಸುತ್ತೋಲೆ ಹೊರಟಿತು. "ಇನ್ನು ಮುಂದೆ ಪ್ರತಿ ಅರ್ಜಿಯಲ್ಲಿ ಕೇಳದವರು ಒಬ್ಬರು ಮತ್ತು ಕೇಳುವವರು ಒಬ್ಬರು ಇರತಕ್ಕದ್ದು. ಸೌಲಭ್ಯವನ್ನು ಕೇಳಿದವರಿಗೇ ಕೊಡತಕ್ಕದ್ದು."

ಹಾಗೆ ನನ್ನ ಕಿವಿಯ ಅಳತೆ ತೆಗೆದರು. ಬೇಡವೆಂದರೆ ಕಡತ ಮುಚ್ಚುತ್ತದೆ ಎಂದರು; ಮೊದಲು ಯಂತ್ರ ಕೈಗೆ ಬರಲಿ, ಮನೆಗೆ ಹೋಗಿ ಮಾವನವರಿಗೆ ಹಾಕೋಣ ಎಂದು ಲೆಕ್ಕ ಹಾಕಿ ಸುಮ್ಮನೆ ಕೂತೆ. ಪರೀಕ್ಷೆಯಲ್ಲಿ ನನ್ನ ಕಿವಿಗೆ ನೂರಕ್ಕೆ ನೂರು ಬಂತು. ಅದಕ್ಕೆ ತಕ್ಕಂತೆ ಯಂತ್ರದ ಸದ್ದನ್ನು ಸೊನ್ನೆಗೆ ಇಟ್ಟು, ಯಾರೂ ಬದಲಿಸದಂತೆ ಬೀಗ ಹಾಕಿದರು. ಇದೆಲ್ಲ ಮುಗಿಯುವ ಹೊತ್ತಿಗೆ ಮತ್ತೆ ಮೂರೂವರೆ ತಿಂಗಳು.

ಮನೆಗೆ ತಂದು ಮಾವನವರ ಕಿವಿಗೆ ಇಟ್ಟೆ. ದೊಡ್ಡ ಕಾಜದಲ್ಲಿ ಸಣ್ಣ ಗುಂಡಿಯ ಹಾಗೆ ಜಾರಿ ಬಿತ್ತು. ಇನ್ನೊಮ್ಮೆ ಇಟ್ಟು, ಬೆರಳಿನಿಂದ ಒತ್ತಿ ಹಿಡಿದು, "ಮಾವ" ಎಂದು ಕೂಗಿದೆ. ಪಕ್ಕದಂಗಡಿಯವನು ಬಂದು ಇಣುಕಿದ. ಮಾವನವರು "ಇದೇನಮ್ಮ, ಕಿವಿಗೆ ಗುಂಡಿ ಹೊಲೀತಿದ್ದೀಯಾ?" ಅಂದರು. ಸ್ಲೇಟು ಎತ್ತಿ ಹಿಡಿದೆ. ಅವರು ಬಾಗಿಲ ಕಡೆ ನೋಡುತ್ತಿದ್ದರು.

ಈಗ ಮೂರು ತಿಂಗಳಿಗೊಮ್ಮೆ ಕಚೇರಿಯವರು ತಪಾಸಣೆಗೆ ಬರುತ್ತಾರೆ. ಯಂತ್ರ ನನ್ನ ಕಿವಿಯಲ್ಲಿ ಇರಬೇಕು, ಇಲ್ಲದಿದ್ದರೆ ದುರ್ಬಳಕೆ.

"ಚೆನ್ನಾಗಿ ಕೇಳುತ್ತಾ?"

"ಕೇಳುತ್ತೆ."

"ಮೊದಲು?"

"ಮೊದಲೂ ಕೇಳ್ತಿತ್ತು."

ಅವರು ಮೊದಲನೆಯ ಉತ್ತರವನ್ನಷ್ಟೇ ಬರೆದುಕೊಳ್ಳುತ್ತಾರೆ. ಕಿವಿ ಚೆನ್ನಾಗಿರುವವರಿಗೆ ಕೊಡಲು ಶುರುಮಾಡಿದ ಮೇಲೆ ಯೋಜನೆಯ ಫಲಿತಾಂಶ ಬಹಳ ಸುಧಾರಿಸಿದೆಯಂತೆ, ಅಧೀಕ್ಷಕರಿಗೆ ಬಡ್ತಿಯಾಯಿತು. ಗಿರಾಕಿಗಳು ನನ್ನ ಕಿವಿ ನೋಡಿ, ಪಾಪ ಎಂದು ಸೊಂಟದ ಸುತ್ತಳತೆಯನ್ನು ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳುತ್ತಾರೆ. ಬೀದಿಯವರಿಗೂ ರೂಢಿಯಾಗಿದೆ.

ನಾನು ದಪ್ಪ ಬಟ್ಟೆಯ ಚೌಕಗಳ ಮೇಲೆ ಗೋಣಿದಾರದಿಂದ ಉಬ್ಬಿ ನಿಲ್ಲುವಂತೆ ಅಕ್ಷರ ಹೊಲಿಯುತ್ತೇನೆ. ಮಾವನವರು ಬೆರಳಾಡಿಸಿ ಓದುತ್ತಾರೆ. ಮೊನ್ನೆ "ಬಾಳೆಹಣ್ಣು" ಕೊಟ್ಟೆ. ಎರಡನೇ ಅಕ್ಷರದ ಮೇಲೆ ಬಹಳ ಹೊತ್ತು ಬೆರಳು ಸುತ್ತಿಸಿದರು.

"ಳ ಸರಿಯಾಗಿದೆ. ಹೊಲಿಗೆ ಒಂದು ಕಡೆ ಬಿಟ್ಟಿದೆ" ಅಂದರು.

ಈಗ ನನ್ನ ಸ್ವಂತದ್ದು ಎನ್ನುವುದು ನಾಲ್ಕು ಹೊಲಿಗೆ ಯಂತ್ರ, ಒಂದು ಸ್ಲೇಟು, ನನ್ನ ಹೆಸರಿನಲ್ಲಿರುವ ಒಂದು ಕಿವಿಯಂತ್ರ, ಹೊಲಿದಿಟ್ಟ ಇನ್ನೂರ ಹನ್ನೆರಡು ಪದಗಳು. ಕಿವಿಯಂತ್ರ ಉಚಿತ. ಅದಕ್ಕೆ ಹಿಡಿದದ್ದು ಹನ್ನೊಂದು ತಿಂಗಳು; ಅದರಲ್ಲಿ ಎಂಟು ತಿಂಗಳು ಮಾವನವರಿಗೆ ಕಣ್ಣಿತ್ತು.